ಬಾಬ್ ಗ್ರಹಾಂ ರೌಂಡ್

ಬಾಬ್ ಗ್ರಹಾಂ ರೌಂಡ್ ಎಂಬುದು ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಪ್ರದೇಶದಲ್ಲಿ 42 ಶಿಖರಗಳನ್ನು ಮುಟ್ಟಿ, ಹೊರಟ ಜಾಗಕ್ಕೇ 24 ಗಂಟೆಯೊಳಗೆ ಮರಳಬೇಕಾದ ವರ್ತುಲಾಕಾರದ ಬೆಟ್ಟದ ಓಟ. ಕೆಜಿಕ್ ಪಟ್ಟಣದ ಮೂಟ್ ಹಾಲ್ ಎಂಬ ಹಳೆಯ ಕಟ್ಟಡದ ಬಾಗಿಲಲ್ಲಿ ಓಟ ಆರಂಭವಾಗುತ್ತದೆ. ಅದೇ ಬಾಗಿಲನ್ನು ಮರಳಿ ಮುಟ್ಟಿದಾಗ ಮುಗಿಯುತ್ತದೆ. ಒಟ್ಟು ದೂರ ಸುಮಾರು 106 ಕಿಲೋಮೀಟರ್. ದಾರಿಯಲ್ಲಿ ಹತ್ತುವ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 8,200 ಮೀಟರ್ ಆಗುತ್ತದೆ. ಕೆಜಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ (1889–1966) 1932ರ ಜೂನ್‌ನಲ್ಲಿ ಇದನ್ನು ಮೊದಲ ಬಾರಿಗೆ ಪೂರೈಸಿದ್ದರಿಂದ ಅವರ ಹೆಸರೇ ಈ ಸುತ್ತಿಗೆ ನಿಂತಿದೆ.

ಇದು ಸ್ಪರ್ಧೆಯಲ್ಲ. ನಿಗದಿತ ದಿನಾಂಕವಿಲ್ಲ, ದಾರಿ ತೋರಿಸುವ ಬಾಣದ ಗುರುತುಗಳಿಲ್ಲ, ಬಹುಮಾನವಿಲ್ಲ. ಯಾವ ದಿನ, ಯಾವ ಹೊತ್ತಿಗೆ, ಯಾವ ದಿಕ್ಕಿನಲ್ಲಿ ಹೊರಡಬೇಕೆಂಬುದು ಓಟಗಾರರಿಗೇ ಬಿಟ್ಟದ್ದು. ಶಿಖರಗಳ ಪಟ್ಟಿ, ಗಡಿಯಾರ ಮತ್ತು ಜೊತೆಗಾರರ ಸಾಕ್ಷ್ಯ, ಈ ಮೂರರ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಪರಿಭಾಷೆ

ಉತ್ತರ ಇಂಗ್ಲೆಂಡಿನಲ್ಲಿ ಮರಗಳಿಲ್ಲದ, ಹುಲ್ಲು ಮತ್ತು ಕಲ್ಲು ತುಂಬಿದ ಬೆಟ್ಟಕ್ಕೆ ‘ಫೆಲ್’ ಎನ್ನುತ್ತಾರೆ. ಅಂಥ ಬೆಟ್ಟಗಳ ಮೇಲಿನ ಓಟ ‘ಫೆಲ್ ರನ್ನಿಂಗ್’. ಕಾಡುದಾರಿ ಅಥವಾ ಹಳ್ಳಿಗಾಡಿನ ಕಾಲುದಾರಿಯಲ್ಲಿ ನಡೆಯುವ ಟ್ರೇಲ್ ಓಟಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಫೆಲ್ ಓಟದಲ್ಲಿ ಎಷ್ಟೋ ಕಡೆ ದಾರಿಯೇ ಇರುವುದಿಲ್ಲ. ಮುಂದಿನ ಶಿಖರವನ್ನು ತಲುಪುವ ಬಗೆಯನ್ನು ನಕ್ಷೆ, ದಿಕ್ಸೂಚಿ ಮತ್ತು ನೆಲದ ಪರಿಚಯದಿಂದ ಓಟಗಾರ ತಾನೇ ಕಂಡುಕೊಳ್ಳಬೇಕು. ಈ ಲೇಖನದಲ್ಲಿ ‘ಸುತ್ತು’ ಎಂದರೆ ಮೂಟ್ ಹಾಲ್‌ನಿಂದ ಮೂಟ್ ಹಾಲ್‌ವರೆಗಿನ ಪೂರ್ಣ ಓಟ; ‘ಹಂತ’ ಎಂದರೆ ಎರಡು ರಸ್ತೆ ಅಥವಾ ಊರುಗಳ ನಡುವಿನ ಭಾಗ; ‘ಜೊತೆಗಾರ’ ಎಂದರೆ ಓಟಗಾರನ ಜೊತೆ ಒಂದೋ ಎರಡೋ ಹಂತ ಓಡುತ್ತಾ ದಾರಿ ನೋಡುವ, ಆಹಾರ ಹೊರುವ, ಶಿಖರ ಮುಟ್ಟಿದ ಹೊತ್ತನ್ನು ಬರೆದುಕೊಳ್ಳುವ ವ್ಯಕ್ತಿ.

ನೆಲ ಮತ್ತು ಹವೆ

ಲೇಕ್ ಡಿಸ್ಟ್ರಿಕ್ಟ್ ಕಂಬ್ರಿಯಾ ಕೌಂಟಿಯಲ್ಲಿದೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಈ ಪ್ರದೇಶ 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉತ್ತರದ ಸ್ಕಿಡಾ ಸುತ್ತಲಿನ ಬೆಟ್ಟಗಳು ಪದರು ಪದರಾಗಿ ಒಡೆಯುವ ಹಳೆಯ ಸ್ಲೇಟು ಶಿಲೆಯವು. ಅವುಗಳ ಮೈ ಹೆಚ್ಚಾಗಿ ನಯವಾದ ಹುಲ್ಲು ಇಳಿಜಾರು. ನಡುವಿನ ಸ್ಕಾಫೆಲ್, ಗ್ರೇಟ್ ಗೇಬಲ್ ಮುಂತಾದವು ಜ್ವಾಲಾಮುಖಿ ಮೂಲದ ಗಟ್ಟಿ ಬಂಡೆಯವು. ಅಲ್ಲಿ ಕಡಿದಾದ ಕಮರಿ, ಉರುಳುಗಲ್ಲಿನ ಇಳುಕಲು, ಚೂಪಾದ ಬಂಡೆರಾಶಿ. ಹಿಮನದಿಗಳು ಇವೆರಡನ್ನೂ ಕೊರೆದು ಆಳವಾದ ಕಣಿವೆಗಳನ್ನೂ ಉದ್ದನೆಯ ಸರೋವರಗಳನ್ನೂ ಉಳಿಸಿ ಹೋಗಿವೆ. ಕಣಿವೆಗಳು ನಡುವಿನ ಎತ್ತರದಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡಿವೆ. ಹಾಗಾಗಿ ಇಲ್ಲಿ ವರ್ತುಲವಾಗಿ ಓಡುವವರು ಒಂದೇ ಏಣಿನ ಮೇಲೆ ಉಳಿಯಲಾರರು. ಕಣಿವೆಗಿಳಿದು ಮತ್ತೆ ಹತ್ತುವುದು ತಪ್ಪದು. ಸುತ್ತಿನ ಕಷ್ಟದ ಬಹುಪಾಲು ಈ ಭೂರಚನೆಯಲ್ಲೇ ಅಡಗಿದೆ.

ಸಮುದ್ರಮಟ್ಟದಿಂದ ಎತ್ತರವನ್ನಷ್ಟೇ ನೋಡುವ ಕನ್ನಡ ಓದುಗರಿಗೆ ಈ ಬೆಟ್ಟಗಳು ಸಣ್ಣವೆನ್ನಿಸಬಹುದು. ಇಂಗ್ಲೆಂಡಿನ ಅತ್ಯುನ್ನತ ಶಿಖರ ಸ್ಕಾಫೆಲ್ ಪೈಕ್ 978 ಮೀಟರ್ ಮಾತ್ರ. ಮೈಸೂರಿನ ಚಾಮುಂಡಿ ಬೆಟ್ಟದ ನೆತ್ತಿಯೇ ಅದಕ್ಕಿಂತ ಎತ್ತರದಲ್ಲಿದೆ. ಆದರೆ ಮೈಸೂರು ನಗರವೇ ಸಮುದ್ರಮಟ್ಟದಿಂದ 750 ಮೀಟರಿಗಿಂತ ಮೇಲಿರುವುದರಿಂದ ಅಲ್ಲಿ ಹತ್ತುವುದು ಸುಮಾರು 300 ಮೀಟರ್. ಲೇಕ್ ಡಿಸ್ಟ್ರಿಕ್ಟ್‌ನ ಕಣಿವೆಗಳಾದರೋ ಸಮುದ್ರಮಟ್ಟಕ್ಕೆ ಹತ್ತಿರವಿವೆ. ಈ ಸುತ್ತಿನ ಏರನ್ನು ಚಾಮುಂಡಿ ಬೆಟ್ಟದಲ್ಲಿ ಅಳೆದರೆ ಒಂದೇ ದಿನದಲ್ಲಿ 25ಕ್ಕೂ ಹೆಚ್ಚು ಸಲ ಬುಡದಿಂದ ತುದಿಗೆ ಹತ್ತಿ ಇಳಿದಂತಾಗುತ್ತದೆ, ಅದೂ ಮೆಟ್ಟಿಲುಗಳಿಲ್ಲದೆ.

ಮಳೆ ಇಲ್ಲಿ ವರ್ಷವಿಡೀ ಬರುತ್ತದೆ. ಬಾರೋಡೇಲ್ ಕಣಿವೆಯ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವಾರ್ಷಿಕ ಸರಾಸರಿ ಮಳೆ 3,000 ಮಿಲಿಮೀಟರ್ ಮೀರುತ್ತದೆ. ಇಂಗ್ಲೆಂಡಿನ ಜನವಸತಿಗಳಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರೆಂದು ಅದಕ್ಕೆ ಹೆಸರು. ಬೇಸಿಗೆಯಲ್ಲೂ ಶಿಖರಗಳ ಮೇಲೆ ಮೋಡ ಇಳಿದು, ಕೈಗೆಟಕುವ ದೂರದ ಬಂಡೆಯೂ ಕಾಣದಂತಾಗುವುದುಂಟು. ಅದರ ಜೊತೆಗೆ ಗಾಳಿಯೂ ಸೇರಿದರೆ ಬೆವೆತ ಮೈಯ ಶಾಖ ಬೇಗ ಇಳಿಯುತ್ತದೆ.

ಉಗಮ

ಒಂದು ದಿನದಲ್ಲಿ ಎಷ್ಟು ಶಿಖರ ಹತ್ತಿ ಹೊರಟಲ್ಲಿಗೆ ಮರಳಬಹುದೆಂಬ ಪ್ರಶ್ನೆ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 19ನೆಯ ಶತಮಾನದಿಂದಲೇ ಇತ್ತು. 1864ರಲ್ಲಿ ಪಾದ್ರಿ ಜೆ. ಎಂ. ಎಲಿಯಟ್ ವಾಸ್‌ಡೇಲ್ ಹೆಡ್‌ನಿಂದ ಹೊರಟು ಸುತ್ತಲಿನ ಒಂಬತ್ತು ಶಿಖರಗಳನ್ನು ಸುಮಾರು ಎಂಟೂವರೆ ಗಂಟೆಯಲ್ಲಿ ಮುಗಿಸಿದರು. 1905ರಲ್ಲಿ ಕೆಜಿಕ್‌ನ ವೈದ್ಯ ಆರ್ಥರ್ ವೇಕ್‌ಫೀಲ್ಡ್ ಅದನ್ನು 24 ಗಂಟೆಯ ಲೆಕ್ಕಕ್ಕೆ ಬೆಳೆಸಿ, 22 ಗಂಟೆ 7 ನಿಮಿಷದಲ್ಲಿ ದೊಡ್ಡ ಸುತ್ತೊಂದನ್ನು ಪೂರೈಸಿದರು. ಇವರೇ ಮುಂದೆ 1922ರ ಬ್ರಿಟಿಷ್ ಎವರೆಸ್ಟ್ ಯಾತ್ರೆಯ ತಂಡದಲ್ಲಿದ್ದವರು. ಮ್ಯಾಂಚೆಸ್ಟರ್‌ನ ಎಂಜಿನಿಯರ್ ಯೂಸ್ಟೇಸ್ ಥಾಮಸ್ 1920ರ ದಶಕದ ಆರಂಭದಲ್ಲಿ ವೇಕ್‌ಫೀಲ್ಡರ ಸಾಧನೆಯನ್ನು ದಾಟಿದರು. ಹಳೆಯ ದಾಖಲೆ ಹೊಂದಿದವರೇ ಹೊಸಬರ ಜೊತೆ ಓಡಿ ದಾರಿ ತೋರಿಸುವ ರೂಢಿ ಆ ಹೊತ್ತಿಗೇ ಬೆಳೆದಿತ್ತು. ಥಾಮಸ್ ಅವರ ಪ್ರಯತ್ನಕ್ಕೆ ವೇಕ್‌ಫೀಲ್ಡ್ ಸ್ವತಃ ನೆರವಾದರು. ಈ ರೂಢಿ ಇಂದಿಗೂ ಉಳಿದಿದೆ.

ಬಾಬ್ ಗ್ರಹಾಂ ಮದ್ಯ ಮುಟ್ಟದ, ಬೆಟ್ಟಗಳನ್ನು ಚೆನ್ನಾಗಿ ಬಲ್ಲ ಮನುಷ್ಯ. ಅವರ ಮೊದಲ ಪ್ರಯತ್ನ ವಿಫಲವಾಯಿತು. 1932ರ ಜೂನ್ 13ರಂದು ಮತ್ತೆ ಮೂಟ್ ಹಾಲ್‌ನಿಂದ ಹೊರಟು, ಹಂತಕ್ಕೊಬ್ಬರಂತೆ ಜೊತೆಗೂಡಿದ ಗೆಳೆಯರೊಂದಿಗೆ 42 ಶಿಖರಗಳನ್ನು 23 ಗಂಟೆ 39 ನಿಮಿಷದಲ್ಲಿ ಮುಗಿಸಿದರು. ಕಾಲಿಗೆ ಟೆನಿಸ್ ಶೂ, ಮೈಗೆ ಚಡ್ಡಿ ಮತ್ತು ಪೈಜಾಮಾದ ಅಂಗಿ. ಊಟಕ್ಕೆ ಬ್ರೆಡ್ಡು ಬೆಣ್ಣೆ, ಅರೆಬೆಂದ ಮೊಟ್ಟೆ, ಹಣ್ಣು, ಸಿಹಿತಿಂಡಿ. 42 ಎಂಬ ಸಂಖ್ಯೆಯನ್ನು ಅವರ ವಯಸ್ಸಿಗೆ ಜೋಡಿಸಿ, ವರ್ಷಕ್ಕೊಂದು ಶಿಖರವೆಂಬಂತೆ ಹೇಳುವುದು ವಾಡಿಕೆ. ಇಂದಿನ ಪಟ್ಟಿಯಲ್ಲಿ ಅವರು ಹತ್ತಿದ ಶಿಖರಗಳಲ್ಲಿ ಕೆಲವು ಬದಲಾಗಿವೆ. ಸಂಖ್ಯೆ ಮಾತ್ರ ಹಾಗೆಯೇ ಇದೆ.

ಮುಂದಿನ 28 ವರ್ಷ ಇದನ್ನು ಯಾರೂ ಮತ್ತೆ ಸಾಧಿಸಲಿಲ್ಲ. ಆ ಕಾಲಾವಧಿಯಲ್ಲಿ ಇದು ಆಗುವ ಕೆಲಸವೇ ಎಂದು ಸಂಶಯಪಟ್ಟವರೂ ಇದ್ದರು. ಪತ್ರಕರ್ತ ಹ್ಯಾರಿ ಗ್ರಿಫಿನ್ ಅವರ ಬರಹಗಳಿಂದ ಹಳೆಯ ಸಾಧನೆ ಮತ್ತೆ ಸುದ್ದಿಗೆ ಬಂತು. ಅದರಿಂದ ಪ್ರೇರಿತರಾದ ಲ್ಯಾಂಕಾಶೈರ್‌ನ ಅಲನ್ ಹೀಟನ್ 1960ರಲ್ಲಿ 22 ಗಂಟೆ 18 ನಿಮಿಷದಲ್ಲಿ ಸುತ್ತು ಮುಗಿಸಿ, ಗ್ರಹಾಂ ಮಾಡಿದ್ದು ಮನುಷ್ಯಸಾಧ್ಯವೆಂದು ತೋರಿಸಿದರು. ಗ್ರಹಾಂ ಆಗಿನ್ನೂ ಬದುಕಿದ್ದರು.

ಮಾರ್ಗದ ರಚನೆ

ಸುತ್ತನ್ನು ಐದು ಹಂತಗಳಾಗಿ ವಿಭಾಗಿಸುವುದು ರೂಢಿ. ಪ್ರದಕ್ಷಿಣವಾಗಿ ಹೊರಟವರ ಕ್ರಮ ಇಲ್ಲಿದೆ. ಅಪ್ರದಕ್ಷಿಣವಾಗಿ ಓಡುವವರೂ ಇದ್ದಾರೆ.

ಮೊದಲ ಹಂತ ಕೆಜಿಕ್‌ನಿಂದ ಥ್ರೆಲ್‌ಕೆಲ್ಡ್ ಹಳ್ಳಿಗೆ. ಶಿಖರಗಳು ಮೂರೇ: ಸ್ಕಿಡಾ (931 ಮೀಟರ್), ಗ್ರೇಟ್ ಕಾಲ್ವಾ, ಬ್ಲೆಂಕಾತ್ರಾ (868 ಮೀಟರ್). ಒಂದೊಂದರ ನಡುವೆಯೂ ಹೀದರ್ ಪೊದೆ ಮತ್ತು ಜೌಗುನೆಲದ ಅಗಲವಾದ ತಗ್ಗುಗಳಿವೆ.

ಎರಡನೆಯ ಹಂತ ಥ್ರೆಲ್‌ಕೆಲ್ಡ್‌ನಿಂದ ಡನ್‌ಮೇಲ್ ರೈಸ್ ಘಾಟಿಗೆ, 12 ಶಿಖರ. ಆರಂಭದ ಕ್ಲಫ್ ಹೆಡ್ ಏರು ಕಡಿದಾದದ್ದು. ಅದನ್ನು ಹತ್ತಿದ ಮೇಲೆ ಡಾಡ್ ಹೆಸರಿನ ಹುಲ್ಲುಬೆಟ್ಟಗಳಿಂದ ಹೆಲ್ವೆಲಿನ್ (950 ಮೀಟರ್) ದಾಟಿ ಡಾಲಿವ್ಯಾಗನ್ ಪೈಕ್‌ವರೆಗೆ ಉದ್ದನೆಯ ಏಣು. ಇಡೀ ಸುತ್ತಿನಲ್ಲಿ ನಿಜವಾಗಿ ಓಟವೆನ್ನಬಹುದಾದ ಸರಾಗ ನೆಲ ಇಲ್ಲೇ ಹೆಚ್ಚು. ಕೊನೆಯ ಫೇರ್‌ಫೀಲ್ಡ್ ಮತ್ತು ಸೀಟ್ ಸ್ಯಾಂಡಲ್ ಮಾತ್ರ ಏಣಿನಿಂದ ಬೇರೆಯಾಗಿ ನಿಂತಿದ್ದು, ಇಳಿದು ಹತ್ತುವ ಕೆಲಸವನ್ನು ಮತ್ತೆ ಶುರುಮಾಡಿಸುತ್ತವೆ.

ಮೂರನೆಯ ಹಂತವೇ ಸುತ್ತಿನ ತಿರುಳು. ಡನ್‌ಮೇಲ್ ರೈಸ್‌ನಿಂದ ವಾಸ್‌ಡೇಲ್ ಹೆಡ್‌ವರೆಗೆ 15 ಶಿಖರ. 23 ಗಂಟೆಯ ಗುರಿ ಇಟ್ಟುಕೊಂಡವರಿಗೆ ಇದೊಂದೇ ಸುಮಾರು ಆರು ಗಂಟೆ ಹಿಡಿಯುತ್ತದೆ. ಸ್ಟೀಲ್ ಫೆಲ್‌ನಿಂದ ಲ್ಯಾಂಗ್‌ಡೇಲ್ ಪೈಕ್ಸ್‌ವರೆಗೆ ಒದ್ದೆ ಹುಲ್ಲು, ಗುರುತು ಹತ್ತದ ದಿನ್ನೆಗಳು. ಮಂಜಿನಲ್ಲಿ ದಾರಿ ತಪ್ಪುವವರು ಹೆಚ್ಚಾಗಿ ತಪ್ಪುವುದು ಇಂಥ ಕಡೆ. ರಾಸೆಟ್ ಪೈಕ್ ದಾಟಿ ಬೋಫೆಲ್ ಹತ್ತಿದ ಮೇಲೆ ನೆಲ ಪೂರ್ತಿ ಕಲ್ಲಾಗುತ್ತದೆ. ಇಲ್ ಕ್ರ್ಯಾಗ್, ಬ್ರಾಡ್ ಕ್ರ್ಯಾಗ್, ಸ್ಕಾಫೆಲ್ ಪೈಕ್‌ಗಳ ಬಂಡೆರಾಶಿಯ ಮೇಲೆ ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕು. ಅಲ್ಲಿ ಯಾರೂ ವೇಗವಾಗಿ ಓಡಲಾರರು.

ಸ್ಕಾಫೆಲ್ ಪೈಕ್ ಮತ್ತು ಅದರ ನೆರೆಯ ಸ್ಕಾಫೆಲ್ (964 ಮೀಟರ್) ನಡುವಿನ ನೇರ ದೂರ ಅತ್ಯಲ್ಪ. ಆದರೆ ನಡುವೆ ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆಗೋಡೆ ನಿಂತಿದೆ. ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ 1802ರ ಆಗಸ್ಟ್‌ನಲ್ಲಿ ಒಬ್ಬರೇ ಇದನ್ನು ಇಳಿದದ್ದು ಇಂಗ್ಲೆಂಡಿನ ಶಿಲಾರೋಹಣದ ಇತಿಹಾಸದಲ್ಲಿ ಮೊದಲ ಘಟನೆಗಳಲ್ಲೊಂದೆಂದು ಎಣಿಕೆಯಾಗಿದೆ. ಓಟಗಾರರಿಗೆ ಇಲ್ಲಿ ಮೂರು ಆಯ್ಕೆ: ಜೊತೆಗಾರರು ಕಟ್ಟಿಟ್ಟ ಹಗ್ಗ ಹಿಡಿದು ಬ್ರಾಡ್ ಸ್ಟ್ಯಾಂಡ್ ಹತ್ತುವುದು, ಲಾರ್ಡ್ಸ್ ರೇಕ್ ಎಂಬ ಉರುಳುಗಲ್ಲಿನ ಕಮರಿಯಿಂದ ಹೋಗುವುದು, ಇಲ್ಲವೇ ಫಾಕ್ಸಸ್ ಟಾರ್ನ್ ಕಡೆಗೆ ಇಳಿದು ಬಳಸಿ ಹತ್ತುವುದು. ಮೊದಲನೆಯದು ಸಮಯ ಉಳಿಸುತ್ತದೆ. ಬಂಡೆ ಒದ್ದೆಯಾಗಿದ್ದರೆ ಅಪಾಯವೂ ಅದರಲ್ಲೇ ಹೆಚ್ಚು. ಸ್ಕಾಫೆಲ್‌ನಿಂದ ವಾಸ್‌ಡೇಲ್‌ಗೆ ಒಂದೇ ಇಳಿಜಾರಿನಲ್ಲಿ 850 ಮೀಟರಿಗೂ ಹೆಚ್ಚು ಇಳಿಯಬೇಕು.

ನಾಲ್ಕನೆಯ ಹಂತ ವಾಸ್‌ಡೇಲ್‌ನಿಂದ ಹಾನಿಸ್ಟರ್ ಘಾಟಿಗೆ, ಒಂಬತ್ತು ಶಿಖರ. ಕಣಿವೆಯ ತಳದಿಂದ ಯೂಬ್ಯಾರೊ ಬೆಟ್ಟಕ್ಕೆ ನೆಟ್ಟಗೆ ಐನೂರಕ್ಕೂ ಹೆಚ್ಚು ಮೀಟರ್ ಏರು. ಅರ್ಧಕ್ಕಿಂತ ಹೆಚ್ಚು ದಾರಿ ಕಳೆದು, ಹೊಟ್ಟೆ ಆಹಾರ ಒಲ್ಲೆನ್ನುವ, ತೊಡೆ ಬಿಗಿದುಕೊಂಡಿರುವ ಹೊತ್ತಿನಲ್ಲಿ ಈ ಏರು ಎದುರಾಗುತ್ತದೆ. ಇಲ್ಲಿಗೇ ಕೈಬಿಡುವವರು ಬಹಳ. ಮುಂದೆ ರೆಡ್ ಪೈಕ್, ಸ್ಟೀಪಲ್, ಪಿಲ್ಲರ್, ಕರ್ಕ್ ಫೆಲ್, ಗ್ರೇಟ್ ಗೇಬಲ್ (899 ಮೀಟರ್), ಗ್ರೀನ್ ಗೇಬಲ್, ಬ್ರ್ಯಾಂಡ್ರೆತ್, ಗ್ರೇ ನಾಟ್ಸ್.

ಐದನೆಯ ಹಂತ ಹಾನಿಸ್ಟರ್‌ನ ಸ್ಲೇಟು ಗಣಿಯ ಬಳಿಯಿಂದ ಡೇಲ್ ಹೆಡ್, ಹಿಂಡ್ಸ್‌ಕಾರ್ತ್, ರಾಬಿನ್‌ಸನ್ ಎಂಬ ಮೂರು ಶಿಖರ ದಾಟಿ ನ್ಯೂಲ್ಯಾಂಡ್ಸ್ ಕಣಿವೆಗೆ ಇಳಿಯುತ್ತದೆ. ಉಳಿದ ಕೆಲವು ಕಿಲೋಮೀಟರ್ ಡಾಂಬರು ರಸ್ತೆ. ಬೆಟ್ಟದ ಶೂ ಬಿಚ್ಚಿ ರಸ್ತೆಯ ಶೂ ಹಾಕಿಕೊಂಡು ಕೆಜಿಕ್‌ಗೆ ಓಡುವುದು ಸಾಮಾನ್ಯ.

ಕ್ಲಬ್ ಮತ್ತು ಸಾಕ್ಷ್ಯದ ನಿಯಮ

1971ರಲ್ಲಿ ಫ್ರೆಡ್ ರೋಜರ್‌ಸನ್ ಅವರ ಮುಂದಾಳತ್ವದಲ್ಲಿ ಬಾಬ್ ಗ್ರಹಾಂ 24 ಅವರ್ ಕ್ಲಬ್ ಹುಟ್ಟಿತು. ಹಣ ಕೊಟ್ಟು ಇದರ ಸದಸ್ಯರಾಗಲು ಬರುವುದಿಲ್ಲ. ಸುತ್ತು ಪೂರೈಸುವುದೊಂದೇ ಅರ್ಹತೆ. ಸದಸ್ಯರ ಸಂಖ್ಯೆ ಈಗ ಎರಡು ಸಾವಿರ ಮೀರಿದೆ.

ನಿಯಮಗಳು ಸರಳ. ಪ್ರಯತ್ನಕ್ಕೆ ಮೊದಲೇ ಕ್ಲಬ್‌ಗೆ ತಿಳಿಸಬೇಕು. 42 ಶಿಖರಗಳನ್ನೂ ಮುಟ್ಟಬೇಕು. ಪ್ರತಿ ಶಿಖರದಲ್ಲೂ ಓಟಗಾರನ ಜೊತೆ ಕನಿಷ್ಠ ಒಬ್ಬ ಸಾಕ್ಷಿ ಇದ್ದು, ತಲುಪಿದ ಹೊತ್ತನ್ನು ದಾಖಲಿಸಬೇಕು. 24 ಗಂಟೆಯೊಳಗೆ ಮೂಟ್ ಹಾಲ್ ಮುಟ್ಟಬೇಕು. ಒಂಟಿಯಾಗಿ ಓಡಿದವರ ಸಾಧನೆ ಎಷ್ಟೇ ದೊಡ್ಡದಿದ್ದರೂ ಸಾಕ್ಷಿ ಇಲ್ಲವೆಂಬ ಕಾರಣಕ್ಕೆ ಸದಸ್ಯತ್ವಕ್ಕೆ ಪರಿಗಣನೆಯಾಗುವುದಿಲ್ಲ. ಉಪಗ್ರಹ ಆಧಾರಿತ ಗಡಿಯಾರಗಳು ಬಂದ ಮೇಲೂ ಮನುಷ್ಯರ ಸಾಕ್ಷ್ಯಕ್ಕೇ ಮನ್ನಣೆ ಉಳಿದಿರುವುದು ಈ ಸುತ್ತಿನ ವಿಶೇಷ ಲಕ್ಷಣ. ಇದರ ಪರಿಣಾಮ ಸಾಮಾಜಿಕವಾದದ್ದು: ಒಬ್ಬರ ಸುತ್ತಿಗೆ ಹತ್ತಾರು ಜನರ ರಾತ್ರಿಯ ನಿದ್ದೆ ಬೇಕು. ಹಾಗೆ ನೆರವು ಪಡೆದವರು ಮುಂದೆ ಬೇರೆಯವರ ಜೊತೆ ಓಡಿ ಆ ಋಣ ತೀರಿಸುತ್ತಾರೆ. ಸುತ್ತು ಮುಗಿಸುವ ಮೊದಲೇ ಇತರರಿಗೆ ಜೊತೆಗಾರರಾಗಿ ದಾರಿ ಕಲಿಯುವುದೂ ವಾಡಿಕೆ.

ಓಡುವ ಬಗೆ

106 ಕಿಲೋಮೀಟರನ್ನು 24 ಗಂಟೆಗೆ ಹಂಚಿದರೆ ಸರಾಸರಿ ವೇಗ ಗಂಟೆಗೆ 4.4 ಕಿಲೋಮೀಟರ್, ಅಂದರೆ ಸಮತಟ್ಟಿನಲ್ಲಿ ಸಾಧಾರಣ ನಡಿಗೆ. ಏರಿನಲ್ಲಿ ಬಹುತೇಕ ಎಲ್ಲರೂ ಮೊಣಕಾಲಿನ ಮೇಲೆ ಕೈಯೂರಿ ಬಿರುಸಾಗಿ ನಡೆಯುತ್ತಾರೆ. ಓಡುವುದು ಏಣಿನ ಮೇಲೆ ಮತ್ತು ಇಳಿಜಾರಿನಲ್ಲಿ. ದೇಹವನ್ನು ಹೆಚ್ಚು ಹಣ್ಣುಮಾಡುವುದು ಇಳಿಜಾರೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದರಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಬೀಳುತ್ತದೆ. ರಸ್ತೆಯ ಮ್ಯಾರಥಾನ್‌ನಲ್ಲಿ ವೇಗದ ಓಟಗಾರರೂ ಇಳಿಯುವ ಅಭ್ಯಾಸವಿಲ್ಲದಿದ್ದರೆ ಇಲ್ಲಿ ಸೋಲುವುದು ಇದೇ ಕಾರಣದಿಂದ.

ಪ್ರಯತ್ನಗಳು ಬಹುಪಾಲು ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನಡೆಯುತ್ತವೆ. ಜೂನ್ ಮಧ್ಯದಲ್ಲಿ ಅಲ್ಲಿ ಸೂರ್ಯ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಮುಳುಗಿ, ಐದಕ್ಕೆ ಮೊದಲೇ ಹುಟ್ಟುತ್ತಾನೆ. ಕತ್ತಲೆಯ ಅವಧಿ ಕಿರಿದು. ಸುಲಭ ನೆಲವಿರುವ ಹಂತ ರಾತ್ರಿಗೆ, ಕಲ್ಲಿನ ಹಂತ ಹಗಲಿಗೆ ಬರುವಂತೆ ಹೊರಡುವ ಹೊತ್ತನ್ನು ಲೆಕ್ಕ ಹಾಕುತ್ತಾರೆ.

ಹಂತಗಳ ನಡುವೆ ರಸ್ತೆ ಸಿಕ್ಕಲ್ಲಿ ನೆರವಿನ ತಂಡ ವಾಹನದಲ್ಲಿ ಕಾದಿರುತ್ತದೆ. ಚಹಾ, ಸೂಪು, ಬೇಯಿಸಿದ ಆಲೂಗಡ್ಡೆ, ಹಾಲಿನಲ್ಲಿ ಬೇಯಿಸಿದ ಸಿಹಿ ಅನ್ನ, ಒಣಗಿದ ಕಾಲುಚೀಲ, ತಲೆಗೆ ಕಟ್ಟುವ ದೀಪಕ್ಕೆ ಹೊಸ ಬ್ಯಾಟರಿ, ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆಳವಾದ ಹಲ್ಲುಗಳುಳ್ಳ ಹಗುರ ಶೂ, ಗಾಳಿಮಳೆ ತಡೆಯುವ ಅಂಗಿ, ನಕ್ಷೆ, ದಿಕ್ಸೂಚಿ, ಸೀಟಿ ಮುಖ್ಯ ಸಲಕರಣೆಗಳು.

ಪ್ರಕಾರಗಳು ಮತ್ತು ವಿಸ್ತರಣೆ

ಚಳಿಗಾಲದ ಸುತ್ತು ಮೂಲಕ್ಕಿಂತ ಬಹಳ ಕಠಿಣ: ಹಗಲು ಎಂಟು ಗಂಟೆಗೂ ಕಡಿಮೆ, ಶಿಖರಗಳ ಮೇಲೆ ಹಿಮ ಮತ್ತು ಮಂಜುಗಡ್ಡೆ. ನೆರವಿಲ್ಲದ ಒಂಟಿ ಸುತ್ತಿನಲ್ಲಿ ಆಹಾರವೆಲ್ಲ ಬೆನ್ನ ಮೇಲೆಯೇ. ಸುತ್ತನ್ನು ಬೆನ್ನುಬೆನ್ನಿಗೆ ಎರಡು ಸಲ ಓಡಿದವರೂ ಇದ್ದಾರೆ. ಯಾರ್ಕ್‌ಶೈರ್‌ನ ರೈತ ಮಹಿಳೆ ನಿಕಿ ಸ್ಪಿಂಕ್ಸ್ 2016ರಲ್ಲಿ ಈ ಜೋಡಿ ಸುತ್ತನ್ನು ಸುಮಾರು ನಲವತ್ತೈದೂವರೆ ಗಂಟೆಯಲ್ಲಿ ಮುಗಿಸಿದರು.

ಇನ್ನೊಂದು ಕವಲು ಶಿಖರಗಳ ಸಂಖ್ಯೆ ಹೆಚ್ಚಿಸುವುದು. ಇದರಲ್ಲಿ ದೊಡ್ಡ ಹೆಸರು ವಾಸ್‌ಡೇಲ್‌ನ ಕುರಿಗಾರ ಜಾಸ್ ನೇಲರ್ (1936–2024). ತಮ್ಮ ಕುರಿಗಳ ಹಿಂದೆ ದಿನವೂ ಅಲೆದ ಅದೇ ಬೆಟ್ಟಗಳಲ್ಲಿ ಅವರು 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದರು. 1988ರಲ್ಲಿ ಮಾರ್ಕ್ ಮೆಕ್‌ಡರ್ಮಟ್ 76, 1997ರಲ್ಲಿ ಮಾರ್ಕ್ ಹಾರ್ಟೆಲ್ 77, 2020ರಲ್ಲಿ ಕಿಮ್ ಕಾಲಿಸನ್ 78 ಶಿಖರಗಳಿಗೆ ಅದನ್ನು ಒಯ್ದರು.

ದಾಖಲೆಗಳು

ಸುತ್ತು ಪೂರೈಸಿದ ಮೊದಲ ಮಹಿಳೆ ಜೀನ್ ಡಾಸ್. 1977ರಲ್ಲಿ 23 ಗಂಟೆ 27 ನಿಮಿಷ. 1982ರ ಜೂನ್‌ನಲ್ಲಿ ಬಾರೋಡೇಲ್‌ನ ಬಿಲ್ಲಿ ಬ್ಲ್ಯಾಂಡ್ 13 ಗಂಟೆ 53 ನಿಮಿಷದಲ್ಲಿ ಮುಗಿಸಿದ್ದು 36 ವರ್ಷ ಅಚ್ಚಳಿಯದೆ ನಿಂತಿತು. 2018ರ ಜುಲೈ 8ರಂದು ಕತಲಾನ್ ಓಟಗಾರ ಕಿಲಿಯನ್ ಜೋರ್ನೆ 12 ಗಂಟೆ 52 ನಿಮಿಷದಲ್ಲಿ ಅದನ್ನು ಮುರಿದಾಗ ಬ್ಲ್ಯಾಂಡ್ ಸ್ವತಃ ಮೂಟ್ ಹಾಲ್ ಬಳಿ ಬಂದು ಅವರನ್ನು ಬರಮಾಡಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜ್ಯಾಕ್ ಕುಂಜ್ಲ್ 12 ಗಂಟೆ 23 ನಿಮಿಷಕ್ಕೆ ಇಳಿಸಿದರು. ಮಹಿಳೆಯರಲ್ಲಿ ಜ್ಯಾಸ್ಮಿನ್ ಪ್ಯಾರಿಸ್ 2016ರಲ್ಲಿ 15 ಗಂಟೆ 24 ನಿಮಿಷ, ಬೆತ್ ಪ್ಯಾಸ್ಕಲ್ 2020ರಲ್ಲಿ 14 ಗಂಟೆ 34 ನಿಮಿಷ ದಾಖಲಿಸಿದರು. ವೃತ್ತಿಯಲ್ಲಿ ಪಶುವೈದ್ಯೆಯಾದ ಪ್ಯಾರಿಸ್ 2024ರಲ್ಲಿ ಅಮೆರಿಕದ ಬಾರ್ಕ್‌ಲಿ ಮ್ಯಾರಥಾನ್ಸ್ ಮುಗಿಸಿದ ಮೊದಲ ಮಹಿಳೆಯೂ ಆದರು.

ಇತರ ಸುತ್ತುಗಳು

ಬಾಬ್ ಗ್ರಹಾಂ ಮಾದರಿಯಲ್ಲಿ ಬ್ರಿಟನ್ನಿನಲ್ಲಿ ಇನ್ನೆರಡು ಪ್ರಮುಖ ಸುತ್ತುಗಳು ಬೆಳೆದವು. ಸ್ಕಾಟ್ಲೆಂಡಿನಲ್ಲಿ ಚಾರ್ಲಿ ರ‍್ಯಾಮ್ಸೆ 1978ರಲ್ಲಿ ಗ್ಲೆನ್ ನೆವಿಸ್‌ನಿಂದ ಹೊರಟು, ಬೆನ್ ನೆವಿಸ್ ಸೇರಿದಂತೆ 24 ಶಿಖರಗಳನ್ನು 23 ಗಂಟೆ 58 ನಿಮಿಷದಲ್ಲಿ ಸುತ್ತಿದರು. ವೇಲ್ಸ್‌ನ ಪ್ಯಾಡಿ ಬಕ್ಲಿ ರೌಂಡ್ ಸ್ನೋಡೋನಿಯಾದ 47 ಶಿಖರಗಳದು. 1982ರಲ್ಲಿ ವೆಂಡಿ ಡಾಡ್ಸ್ ಅದನ್ನು ಮೊದಲು ಪೂರೈಸಿದರು. 1990ರಲ್ಲಿ ಮೈಕ್ ಹಾರ್ಟ್‌ಲಿ ಮೂರನ್ನೂ ಒಂದರ ಬೆನ್ನಿಗೆ ಇನ್ನೊಂದರಂತೆ ಓಡಿದರು.

ವರ್ತುಲ ಮಾರ್ಗದ ಕಲ್ಪನೆ ಯುರೋಪಿನ ಮುಖ್ಯ ಭೂಭಾಗದಲ್ಲಿ ಸ್ಪರ್ಧೆಯ ರೂಪ ತಳೆಯಿತು. ಫ್ರಾನ್ಸ್‌ನ ಶಮೊನಿಯಿಂದ ಹೊರಟು ಇಟಲಿ, ಸ್ವಿಟ್ಜರ್ಲೆಂಡ್ ದಾಟಿ ಮೋಂಬ್ಲಾಂ ಪರ್ವತವನ್ನು ಸುತ್ತಿ ಬರುವ ಓಟ 2003ರಲ್ಲಿ ಆರಂಭವಾಯಿತು. ಇಂದು ಅದರ ದೂರ 170 ಕಿಲೋಮೀಟರಿನ ಆಸುಪಾಸು, ಏರು ಸುಮಾರು 10,000 ಮೀಟರ್. ಮೊದಲ ವರ್ಷ ಗೆದ್ದವರು ನೇಪಾಳದ ದಾವಾ ಶೆರ್ಪಾ. ಗುರುತು ಹಾಕಿದ ದಾರಿ, ಊಟದ ಠಾಣೆಗಳು, ಪ್ರಾಯೋಜಕರು, ಸಾವಿರಾರು ಸ್ಪರ್ಧಿಗಳಿರುವ ಅದು ಸಂಘಟನೆಯಲ್ಲಿ ಬಾಬ್ ಗ್ರಹಾಂಗೆ ತೀರ ವಿರುದ್ಧ ತುದಿಯಲ್ಲಿದೆ. ಕರ್ನಾಟಕದಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಈ ಎರಡನೆಯ, ಸಂಘಟಿತ ಸ್ಪರ್ಧೆಯ ಬಗೆಗೆ ಸೇರುತ್ತದೆ.

ಇಂದಿನ ಸ್ಥಿತಿ

2004ರಲ್ಲಿ ಪ್ರಕಟವಾದ ರಿಚರ್ಡ್ ಆಸ್ಕ್‌ವಿತ್ ಅವರ ‘ಫೀಟ್ ಇನ್ ದ ಕ್ಲೌಡ್ಸ್’ ಎಂಬ ಪುಸ್ತಕ ಫೆಲ್ ಓಟಗಾರರ ಸಣ್ಣ ವಲಯದಾಚೆಗೂ ಈ ಸುತ್ತನ್ನು ಪರಿಚಯಿಸಿತು. ಜೋರ್ನೆ ಅವರ 2018ರ ಓಟದಿಂದ ಆಸಕ್ತಿ ಇನ್ನಷ್ಟು ಹರಡಿತು. ಸುತ್ತಿನ ಬಹುಭಾಗ ಸಾರ್ವಜನಿಕ ಕಾಲುದಾರಿಗಳ ಮೇಲೆ, ಇಲ್ಲವೇ 2000ದ ಗ್ರಾಮಾಂತರ ಮತ್ತು ದಾರಿಹಕ್ಕು ಕಾಯ್ದೆಯಡಿ ಕಾಲ್ನಡಿಗೆಗೆ ತೆರೆದಿಟ್ಟ ಬೆಟ್ಟಪ್ರದೇಶದಲ್ಲಿದೆ. ಆ ಬೆಟ್ಟಗಳೇ ಹರ್ಡ್‌ವಿಕ್ ಕುರಿಗಳ ಮೇವಿನ ಜಾಗ ಕೂಡ. ಕಲ್ಲಿನ ಬೇಲಿ ಹಾರಿ ಕೆಡವದಿರುವುದು, ಗೇಟು ಮುಚ್ಚಿ ಹೋಗುವುದು, ರಾತ್ರಿ ಹಳ್ಳಿಗಳಲ್ಲಿ ಗದ್ದಲ ಮಾಡದಿರುವುದು ಓಟಗಾರರಿಂದ ನಿರೀಕ್ಷಿತ ನಡವಳಿಕೆ.

ಸವೆತ ಇಂದಿನ ಮುಖ್ಯ ಸಮಸ್ಯೆ. ಚಾರಣಿಗರೂ ಓಟಗಾರರೂ ತುಳಿದ ಕಡಿದಾದ ಇಳಿಜಾರುಗಳಲ್ಲಿ ಹುಲ್ಲಿನ ಹೊದಿಕೆ ಹರಿದು, ಮಳೆನೀರು ಆ ಗಾಯವನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ‘ಫಿಕ್ಸ್ ದ ಫೆಲ್ಸ್’ ಯೋಜನೆಯಡಿ ಸಿಬ್ಬಂದಿ ಮತ್ತು ಸ್ವಯಂಸೇವಕರು ಕಲ್ಲು ಹಾಸಿ ದಾರಿ ಕಟ್ಟುತ್ತಾರೆ, ನೀರು ಹರಿಯಲು ಚರಂಡಿ ಕೊರೆಯುತ್ತಾರೆ. ಬೆಟ್ಟದ ಮೇಲೆ ಅಪಘಾತವಾದರೆ ಬರುವುದು ಸಂಬಳವಿಲ್ಲದ ಪರ್ವತ ರಕ್ಷಣಾ ತಂಡಗಳು. ಕೆಜಿಕ್, ವಾಸ್‌ಡೇಲ್ ಸೇರಿದಂತೆ ಸುತ್ತಿನ ಹಾದಿಗೆ ಹತ್ತಿರವಿರುವ ಹಲವು ಕಡೆ ಇಂಥ ತಂಡಗಳಿದ್ದು, ಅವುಗಳ ಖರ್ಚು ಹೆಚ್ಚಾಗಿ ಜನರ ದೇಣಿಗೆಯಿಂದ ನಡೆಯುತ್ತದೆ.